ತಿಮಿಂಗಿಲ ಹೊರಡಲು ಸಿದ್ಧವಾಗಿದೆ

ಆ ಊರಿನಲ್ಲಿ ಗಮನಿಸಪ್ಪನ ಮುಖ ನೋಡಿದವರು ಕಡಿಮೆ. ಅವನ ದನಿ ಕೇಳಿ ಓಡದವರು ಇನ್ನೂ ಕಡಿಮೆ.

ಬಸ್ ನಿಲ್ದಾಣದ ಮಹಡಿಯಲ್ಲಿ ಒಂದು ಗಾಜಿನ ಕೋಣೆ. ಅದರೊಳಗೆ ಒಂದು ಮೈಕು, ಗಾಳಿಗಿಂತ ಸದ್ದನ್ನೇ ಹೆಚ್ಚು ಬೀಸುವ ಒಂದು ಫ್ಯಾನು, ಮತ್ತು ಗಮನಿಸಪ್ಪ. ತಂದೆ ತಾಯಿ ಇಟ್ಟ ಹೆಸರೊಂದು ಅವನಿಗೂ ಇತ್ತು, ಆದರೆ ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಅವನು ಶುರು ಮಾಡಿದನೆಂದರೆ ಕೆಳಗೆ ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಚೀಲಕ್ಕೆ ಕೈ ಹಾಕುತ್ತಿದ್ದರು. "ಹೊರಡಲು ಸಿದ್ಧವಾಗಿದೆ" ಎಂಬಲ್ಲಿಗೆ ಮುಟ್ಟಿದನೋ, ಇಡೀ ನಿಲ್ದಾಣ ಎದ್ದು ಓಡುತ್ತಿತ್ತು. ಯಾವ ಬಸ್ಸು, ಎಲ್ಲಿಗೆ ಹೋಗುತ್ತದೆ ಎಂಬ ವಿಚಾರಣೆಯೆಲ್ಲ ಓಡಿ ಮುಗಿದ ಮೇಲೆ. ಅಜ್ಜಂದಿರ ಕಾಲುಗಳು ಕೂಡ ಅವರನ್ನು ಕೇಳದೆಯೇ ಓಡುತ್ತಿದ್ದವು.

ಕೋಣೆಯ ಮೂಲೆಯಲ್ಲಿ ಒಂದು ಕಪಾಟಿತ್ತು. ಪ್ರಯಾಣಿಕರು ಮರೆತುಹೋದ ಸಾಮಾನುಗಳೆಲ್ಲ ಅಲ್ಲಿ ಬಂದು ಸೇರುತ್ತಿದ್ದವು. ಒಂಟಿ ಚಪ್ಪಲಿ, ಫ್ಲಾಸ್ಕಿನ ಮುಚ್ಚಳ, ಯಾರದೋ ಹಲ್ಲಿನ ಸೆಟ್ಟು, ಮತ್ತು ಬಾತುಕೋಳಿಯ ತಲೆಯಂಥ ಹಿಡಿಯಿದ್ದ ಒಂದು ಕಪ್ಪು ಕೊಡೆ. ವಾರಸುದಾರರು ಬರುವ ತನಕ ಇವನ್ನೆಲ್ಲ ದಿನವೂ ಮೈಕಿನಲ್ಲಿ ಹೇಳಬೇಕು, ಬಂದವರಿಗೆ ಕೋಣೆಯ ಕೌಂಟರಿನಲ್ಲಿ ಗುರುತು ಕೇಳಿ ಕೊಡಬೇಕು ಎಂಬುದು ನಿಯಮ. ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಗಮನಿಸಪ್ಪ ಮಾತ್ರ ಬೆಳಿಗ್ಗೆ ತಪ್ಪದೆ ಚಪ್ಪಲಿಯಿಂದ ಹಿಡಿದು ಕೊಡೆಯವರೆಗೆ ಹೇಳಿ ಮುಗಿಸುತ್ತಿದ್ದ. ಉಳಿದ ಸಾಮಾನು ಬರುತ್ತಿದ್ದವು, ಹೋಗುತ್ತಿದ್ದವು. ಕೊಡೆ ಮಾತ್ರ ವರ್ಷಗಳಿಂದ ಜಪ್ಪಯ್ಯ ಎಂದರೂ ಜಾಗ ಬಿಟ್ಟಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೂ ಅದು ಬಾಯಿಪಾಠವಾಗಿತ್ತು.

ಇಂಥ ಗಮನಿಸಪ್ಪನ ಬದುಕಿನಲ್ಲಿ ಇದ್ದದ್ದು ಒಂದೇ ಒಂದು ಸುಳ್ಳು. ಅದನ್ನೂ ಅವನು ಹೇಳಿದ್ದಲ್ಲ, ಮದುವೆ ಮಾಡಿಸಿದವರು ಹೇಳಿದ್ದು. "ಹುಡುಗ ಧ್ವನಿ ಪ್ರಸಾರದಲ್ಲಿದ್ದಾನೆ" ಎಂದು ಅವರು ಹೇಳಿದರು. ಹುಡುಗಿಯ ಅಪ್ಪ ಅದನ್ನು ರೇಡಿಯೋ ಎಂದುಕೊಂಡರು. ಇಲ್ಲ ಎಂದು ಹೇಳಲು ಹುಡುಗನಿಗೆ ಬಾಯಿ ಬರಲಿಲ್ಲ. ಬಾಯಿಂದಲೇ ಹೊಟ್ಟೆ ಹೊರೆಯುವವನಿಗೆ ಬೇಕಾದಾಗ ಬಾಯಿ ಬರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಮಾವನವರು ನಿವೃತ್ತ ಭೂಗೋಳದ ಮೇಷ್ಟ್ರು. ಜೀವಮಾನವಿಡೀ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಸಮುದ್ರಗಳನ್ನು ತುಂಬಿಸಿದವರು, ಆದರೆ ಒಂದು ಸಮುದ್ರವನ್ನೂ ಕಣ್ಣಾರೆ ಕಂಡವರಲ್ಲ. ಪಕ್ಕದ ಊರಿನಲ್ಲಿದ್ದರು. ರೇಡಿಯೋ ತಿರುಗಿಸಿ ತಿರುಗಿಸಿ ಅಳಿಯನ ದನಿ ಸಿಗದೆ ಕೇಳಿದಾಗಲೆಲ್ಲ "ಬೇರೆ ಸ್ಟೇಷನ್ನು" ಎಂಬ ಉತ್ತರ ಸಿಗುತ್ತಿತ್ತು. ಸ್ಟೇಷನ್ನು ಎಂಬುದೇನೋ ನಿಜವೇ. ಅವರು ಮಗಳ ಮನೆಗೆ ಬರುವಾಗ ಬಸ್ಸಿನ ಸುದ್ದಿ ಎತ್ತದ ಹಾಗೆ ಅಳಿಯ ಜೋಪಾನ ಮಾಡುತ್ತಿದ್ದ.

"ರೈಲಲ್ಲೇ ಬನ್ನಿ ಮಾವ. ಬಸ್ಸು ನಿಮ್ಮ ಸೊಂಟಕ್ಕೆ ಆಗಲ್ಲ."

"ನನ್ನ ಸೊಂಟಕ್ಕೇನಾಗಿದೆ ಅಳಿಯಂದ್ರೆ? ಗಟ್ಟಿಯಾಗೇ ಇದೆ."

"ಅದಕ್ಕೇ ಹೇಳಿದ್ದು. ಗಟ್ಟಿ ಇದ್ದಾಗಲೇ ಕಾಪಾಡ್ಕೋಬೇಕು."

ಹೀಗೆ ಕಾಲ ಸಾಗುತ್ತಿರುವಾಗ ಎರಡು ಸಂಗತಿಗಳು ಒಟ್ಟೊಟ್ಟಿಗೆ ಬಂದವು. ಮೊದಲನೆಯದು ಡಿಪೋ ಮ್ಯಾನೇಜರ ಬಾಯಿಂದ ಬಂತು. ಇನ್ನು ಮುಂದೆ ಬಸ್ಸುಗಳನ್ನು ಯಂತ್ರವೇ ಕೂಗುತ್ತದೆ, ಗಮನಿಸಪ್ಪ ಟೈರ್ ಗೋದಾಮಿಗೆ ಹೋಗಿ ಅಲ್ಲಿ ಹಳೇ ಟೈರುಗಳನ್ನು ನೋಡಿಕೊಳ್ಳಬೇಕು ಎಂದು.

"ಸಾರ್, ಟೈರುಗಳ ಹತ್ರ ನಾನೇನು ಮಾತಾಡ್ಲಿ?"

"ಮಾತಾಡೋ ಹಾಗಿಲ್ಲ. ಅದೇ ಅಲ್ಲಿನ ಅನುಕೂಲ."

ಎರಡನೆಯದು ಲೈಬ್ರರಿ ಮೇಡಂ ರೂಪದಲ್ಲಿ ಮೆಟ್ಟಿಲು ಹತ್ತಿ ಬಂತು. ಆಕೆ ಊರ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು. ಊರೂರು ಸುತ್ತುವ ಸಾಗರ ಚಿತ್ರೋತ್ಸವವೊಂದನ್ನು, ಸಮುದ್ರದ ಗಾಳಿಯೂ ಸುಳಿಯದ ಆ ಊರಿನ ಪುರಭವನಕ್ಕೆ ಹಟ ಹಿಡಿದು ತರಿಸುತ್ತಿದ್ದರು. ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ಕೇಳಿದವರಿಗೆಲ್ಲ ಅವರದು ಒಂದೇ ಮಾತು. "ನಿಮ್ಮ ಮನೆ ಮುಂದಿನ ಮೋರಿ ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಂಡಿದ್ದೀರಿ?"

"ತಿಮಿಂಗಿಲದ್ದು, ಕಡಲಿನದ್ದು, ಚಿತ್ರಗಳೆಲ್ಲ ಪರಭಾಷೆಯವು," ಎಂದರು ಮೇಡಂ. "ಮಾತುಗಳನ್ನ ನಾನು ನಮ್ಮ ಭಾಷೆಗೆ ತಂದಿದ್ದೀನಿ. ಪರದೆ ಪಕ್ಕ ನಿಂತು ಯಾರಾದ್ರೂ ಓದ್ಬೇಕು. ಪುರಭವನದ ಕೊನೇ ಸಾಲಿನ ತನಕ ಕೇಳಿಸೋ ಗಂಟಲು ಈ ಊರಲ್ಲಿ ನಿಮ್ಮದೊಂದೇ."

ಗಮನಿಸಪ್ಪನ ಎದೆ ಉಬ್ಬಿತು. ಚಿತ್ರಕ್ಕೆ ದನಿ! ಮಾವನವರನ್ನು ಮೊದಲ ಸಾಲಿನಲ್ಲಿ ಕೂರಿಸಿದರೆ ಹಳೆಯ ಸುಳ್ಳು ತಾನಾಗಿ ನಿಜವಾಗುತ್ತದೆ. ಮುಖ್ಯ ಅತಿಥಿಯಾಗಿ ಮ್ಯಾನೇಜರೇ ಬರುವವರಿದ್ದರು, ಅವರು ಮೆಚ್ಚಿದರೆ ಟೈರುಗಳ ಸಹವಾಸ ತಪ್ಪುತ್ತದೆ. ಒಂದೇ ಏಟಿಗೆ ಎರಡು ಕೆಲಸ. ಅವತ್ತೇ ಮಾವನಿಗೆ ಫೋನು ಹೋಯಿತು. "ಮಾವ, ನಾನು ಸಿನಿಮಾಕ್ಕೆ ದನಿ ಕೊಡ್ತಿದ್ದೀನಿ. ಸಮುದ್ರದ್ದು. ನೀವು ಬರಲೇಬೇಕು. ರೈಲಲ್ಲಿ."

ಆದರೆ ಬಸ್ಸು ಕೂಗುವ ದನಿಯಲ್ಲಿ ತಿಮಿಂಗಿಲವನ್ನು ಕೂಗಬಹುದೇ? ಛೆ! ಕಲೆಗೆ ತಕ್ಕ ದನಿ ಬೇರೆ ಇರುತ್ತದೆ ಎಂದು ಗಮನಿಸಪ್ಪ ತೀರ್ಮಾನಿಸಿದ. ಟಿವಿಯಲ್ಲಿ ಕಾಡುಪ್ರಾಣಿಗಳ ಬಗ್ಗೆ ಹೇಳುವವರು ಹೇಗೆ ಹೊಟ್ಟೆಯಾಳದಿಂದ, ಉಸಿರು ಬೆರೆಸಿ, ನಡುವೆ ನಡುವೆ ನಿಲ್ಲಿಸಿ ಮಾತಾಡುತ್ತಾರೋ ಹಾಗೆ ಅಭ್ಯಾಸ ಶುರುವಾಯಿತು. ಮನೆಯಲ್ಲಿ ಊಟಕ್ಕೆ ಕೂತಾಗ "ಅಗೋ... ಆ ಪುಟ್ಟ ಡಬ್ಬಿಯಲ್ಲಿ... ಯುಗಯುಗಗಳಿಂದ ಮೌನವಾಗಿ ಕಾದಿರುವ... ಉಪ್ಪು" ಎಂದ.

"ಮೈಗೆ ಹುಷಾರಿಲ್ವಾ?" ಎಂದಳು ಹೆಂಡತಿ.

"ಇದು ಕಲೆ ಕಣೆ."

"ಉಪ್ಪು ಬೇಕು ಅಂದ್ರೆ ಉಪ್ಪು ಬೇಕು ಅನ್ನಿ. ಸಾರು ಆರೋಗುತ್ತೆ."

ಮನೆಯಲ್ಲಿ ಕಲೆಗೆ ಬೆಲೆಯಿಲ್ಲವೆಂದು ಅಭ್ಯಾಸವನ್ನು ಕಚೇರಿಗೆ ಒಯ್ದ. ಉತ್ಸವದ ಹಿಂದಿನ ದಿನ ಮಧ್ಯಾಹ್ನ ನಿಲ್ದಾಣದ ಧ್ವನಿವರ್ಧಕಗಳಿಂದ ಹಿಂದೆಂದೂ ಕೇಳದ ಒಂದು ಆಳವಾದ ನಿಟ್ಟುಸಿರು ಹೊರಟಿತು. ಅದರ ಹಿಂದೆ ಮಾತುಗಳು ಬಂದವು. "ಬಿಸಿಲಿನ ಹೊಂಬಣ್ಣದಲ್ಲಿ... ಧೂಳಿನ ತೆರೆಯನ್ನು ಮೆಲ್ಲನೆ ಸರಿಸುತ್ತಾ... ತನ್ನ ದೀರ್ಘ, ಏಕಾಂಗಿ ಪಯಣಕ್ಕೆ... ಅಣಿಯಾಗುತ್ತಿದೆ..."

ಕೆಳಗೆ ಜನ ಸ್ತಬ್ಧರಾದರು. ಯಾರೋ ದೊಡ್ಡ ಮನುಷ್ಯರು ಹೋಗಿಬಿಟ್ಟರೆಂದು ತಿಳಿದು ಗಂಡಸರು ಎದ್ದು ಕೈಕಟ್ಟಿ ನಿಂತರು. ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಪಕ್ಕದವಳನ್ನು "ಯಾರಂತೆ? ವಯಸ್ಸೆಷ್ಟಾಗಿತ್ತಂತೆ?" ಎಂದು ಕೇಳಿದಳು. ಕ್ಯಾಂಟೀನಿನವನು ಗೌರವಕ್ಕೆಂದು ಒಲೆ ಆರಿಸಿದ. ಕೊನೆಗೆ "...ನಲವತ್ತೆರಡು ನಂಬರಿನ ಬಸ್ಸು" ಎಂದು ಗಮನಿಸಪ್ಪ ಮುಗಿಸುವ ಹೊತ್ತಿಗೆ ನಲವತ್ತೆರಡು ನಂಬರಿನ ಬಸ್ಸು ಒಬ್ಬ ಡ್ರೈವರು, ಒಬ್ಬ ಕಂಡಕ್ಟರು ಮತ್ತು ಒಂದು ಬುಟ್ಟಿ ಟೊಮೆಟೊ ಹೊತ್ತು ಊರಾಚೆ ಮುಟ್ಟಿತ್ತು. ಟೊಮೆಟೊದ ಯಜಮಾನ ಕೈಕಟ್ಟಿ ನಿಂತವರ ಪೈಕಿ ಇದ್ದ.

ಮ್ಯಾನೇಜರು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದರು.

"ಏನ್ರೀ ಇದು? ಬಸ್ಸನ್ನ ಕಳಿಸ್ತಿದ್ದೀರೋ, ಹೂಳ್ತಿದ್ದೀರೋ?"

"ಭಾವನೆ ತುಂಬಿದೆ ಸಾರ್."

"ಬಸ್ಸಿಗೆ ತುಂಬಬೇಕಾದ್ದು ಜನ ಕಣ್ರೀ! ನಾಳೆ ಆ ಸಮುದ್ರದ ಕಾರ್ಯಕ್ರಮ ಮುಗೀಲಿ, ಅಲ್ಲಿ ನಿಮ್ಮ ಕಲೆ ಏನಿದೆಯೋ ನೋಡ್ತೀನಿ. ಅಲ್ಲೂ ಹೀಗೇ ಆದ್ರೆ ಮಾರನೇ ದಿನ ನಿಮ್ಮ ಭಾವನೆ ಎಲ್ಲ ಟೈರಿಗೆ ತುಂಬಿ."

ಮಾರನೆಯ ದಿನ ಸಂಜೆ ಪುರಭವನ ತುಂಬಿ ತುಳುಕಿತು. ಊರವರಿಗೆ ಸಮುದ್ರದ ಮೇಲೆ ಅಷ್ಟು ಪ್ರೀತಿ ಎಂದಲ್ಲ, ಒಳಗೆ ಫ್ಯಾನಿತ್ತು ಮತ್ತು ಪ್ರವೇಶ ಉಚಿತವಾಗಿತ್ತು. ಎಲ್ಲರೂ ಎದುರಿನ ಅಂಗಡಿಯಿಂದ ನೀರಿನ ಬಾಟಲಿ, ಚಿಪ್ಸಿನ ಪೊಟ್ಟಣ ಹಿಡಿದು ಬಂದು ಕೂತರು. ಮೊದಲ ಸಾಲಿನಲ್ಲಿ ಮಾವನವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಪಕ್ಕದಲ್ಲಿ ಮಗಳು. ಮೇಡಂ ಸ್ವಾಗತಿಸಿದರು. ಮ್ಯಾನೇಜರಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೊಡ್ಡ ಹೂಗುಚ್ಛವೊಂದು ಸಿಕ್ಕಿತು. ಅವರು ಅದನ್ನು ಅಪ್ಪಿಕೊಂಡು, ನಮ್ಮ ಡಿಪೋಗೂ ಸಾಗರಕ್ಕೂ ಹಳೆಯ ನಂಟು, ನಮ್ಮ ಬಸ್ಸುಗಳ ಬಣ್ಣವೂ ನೀಲಿ ಎಂದು ಬಹಳ ಹೊತ್ತು ಭಾಷಣ ಮಾಡಿ ಮುಖ್ಯ ಅತಿಥಿಯ ಕುರ್ಚಿಗೆ ಮರಳಿದರು.

ದೀಪ ಆರಿತು. ಪರದೆಯ ಮೇಲೆ ನೀಲಿ ನೀರು ಹರಡಿಕೊಂಡಿತು. ಗಮನಿಸಪ್ಪ ಹಾಳೆಗಳನ್ನು ಎತ್ತಿ ಹಿಡಿದು, ಹೊಟ್ಟೆಯಾಳದಿಂದ ಉಸಿರು ತಂದು, "ಅನಾದಿ ಕಾಲದಿಂದ... ಈ ನೀಲಿಯ ನಿಶ್ಶಬ್ದದಲ್ಲಿ..." ಎಂದು ಶುರು ಮಾಡಿದ. ಚೆನ್ನಾಗಿಯೇ ಹೋಗುತ್ತಿತ್ತು. ಮೂರನೇ ಸಾಲಿನಲ್ಲಿ ಒಬ್ಬರು ಆಗಲೇ ನಿದ್ದೆಗೆ ಜಾರಿದ್ದರು, ಕಲೆ ಸರಿಯಾದ ದಾರಿಯಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪರದೆಯ ಮೇಲೆ ತಿಮಿಂಗಿಲಗಳ ಹಿಂಡು ಬಂತು. ಚಳಿಗಾಲ ಮುಗಿದು ಅವು ಉತ್ತರಕ್ಕೆ ವಲಸೆ ಹೊರಡುವ ಸಮಯ. ಗಮನಿಸಪ್ಪ ಮೈಕಿಗೆ ಒಂದು ಹೆಜ್ಜೆ ಹತ್ತಿರ ಸರಿದ.

ಮೈಕು "ಕುಂಯ್ಯ್" ಎಂದಿತು.

ಅವನ ಕೋಣೆಯ ಮೈಕು ಕೂಡ ಪ್ರತಿ ಸಲವೂ ಮೊದಲು ಹೀಗೆಯೇ ಕುಂಯ್ಗುಟ್ಟುತ್ತಿತ್ತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಕಲೆಯೆಲ್ಲ ಎಲ್ಲಿಗೆ ಹಾರಿತೋ, ಗಂಟಲು ಯಜಮಾನನ ಅಪ್ಪಣೆಯಿಲ್ಲದೆ ತನ್ನ ಕೆಲಸ ಶುರು ಮಾಡಿಕೊಂಡಿತು.

"ದಯವಿಟ್ಟು ಗಮನಿಸಿ! ಉತ್ತರ ದಿಕ್ಕಿನ ಕಡೆಗೆ ಹೋಗುವ ತಿಮಿಂಗಿಲ, ಮಂಜುಗಡ್ಡೆ ಮಾರ್ಗವಾಗಿ, ಹೊರಡಲು ಸಿದ್ಧವಾಗಿದೆ!"

ಇಡೀ ಸಭೆ ಎದ್ದಿತು. ಚೀಲ ಇದ್ದವರು ಚೀಲ ಎತ್ತಿಕೊಂಡರು, ಮಗು ಇದ್ದವರು ಮಗು ಎತ್ತಿಕೊಂಡರು, ಅವಸರದಲ್ಲಿ ಒಬ್ಬರು ಪಕ್ಕದವರ ಮಗುವನ್ನೇ ಎತ್ತಿಕೊಂಡರು. ನಿದ್ದೆಯಲ್ಲಿದ್ದವರು ಕಣ್ಣು ಬಿಡುವ ಮೊದಲೇ ಬಾಗಿಲ ಹತ್ತಿರವಿದ್ದರು. ಬಿಡುವಿನ ದಿನ ಚಿತ್ರ ನೋಡಲು ಬಂದಿದ್ದ ಕಂಡಕ್ಟರೊಬ್ಬ ಜೇಬಿನಿಂದ ಸೀಟಿ ತೆಗೆದು ಊದಿಯೇ ಬಿಟ್ಟ. ಅದರಿಂದ ಓಟಕ್ಕೆ ಇನ್ನಷ್ಟು ಹುರುಪು ಬಂತು. ಗಮನಿಸಪ್ಪನ ಕೈಯ ಹಾಳೆಗಳು ಈ ಗಲಾಟೆಯಲ್ಲಿ ಹಾರಿ, ಊರವರ ಕಾಲಡಿ ಸಿಕ್ಕಿ, ಹೇಳಹೆಸರಿಲ್ಲದಂತಾದವು. ಎಲ್ಲರಿಗಿಂತ ಮೊದಲು ಬೀದಿ ಮುಟ್ಟಿದವರು, ಹೂಗುಚ್ಛ ಅಪ್ಪಿಕೊಂಡಿದ್ದ ಡಿಪೋ ಮ್ಯಾನೇಜರು.

ಬೀದಿಯಲ್ಲಿ ಜನ ಏದುಸಿರು ಬಿಡುತ್ತಾ ನಿಂತರು.

"ಯಾವ ಬಸ್ಸು ಅಂದ್ರು?"

"ತಿಮಿಂಗಿಲ ಅಂತೆ."

"ನಮ್ಮೂರಲ್ಲಿ ಸ್ಟಾಪ್ ಇದೆಯಾ?"

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಂಟೀನಿನವನು ಮೊದಲು ನಕ್ಕ, ಉಳಿದವರೂ ನಕ್ಕು, ಅದಲುಬದಲಾದ ಮಕ್ಕಳನ್ನು ಸರಿಪಡಿಸಿಕೊಂಡು ಒಳಗೆ ಬಂದರು. ಖಾಲಿ ಸಭಾಂಗಣದಲ್ಲಿ ಅಲ್ಲಾಡದೆ ಕೂತಿದ್ದವರು ಒಬ್ಬರೇ, ಮಾವನವರು. ಪರದೆಯ ಮೇಲಿನ ತಿಮಿಂಗಿಲಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಗಮನಿಸಪ್ಪ ಪರದೆಯ ಹಿಂದೆ ಕುಸಿದು ಕೂತಿದ್ದ. ಮ್ಯಾನೇಜರು ಅಲ್ಲಿಗೇ ನುಗ್ಗಿದರು.

"ಮುಗೀತು ಗಮನಿಸಪ್ಪ! ಊರಿನವರ ಮುಂದೆ ನನ್ನನ್ನ ಓಡಿಸಿದ್ರಿ. ಬೆಳಿಗ್ಗೆಯಿಂದ ಟೈರು!"

"ಸಾರ್, ಇನ್ನೊಂದು ಸಣ್ಣ ಚಿತ್ರ ಬಾಕಿ ಇದೆ," ಎಂದರು ಮೇಡಂ, ಅಳುವಂತಾಗಿ. "ಅದಕ್ಕೋಸ್ಕರವೇ ಇಷ್ಟೆಲ್ಲ ಮಾಡಿದ್ದು ನಾನು. ಬೇರೆ ಯಾರು ಓದ್ತಾರೆ?"

"ನನ್ನಿಂದ ಆಗಲ್ಲ ಮೇಡಂ," ಎಂದ ಗಮನಿಸಪ್ಪ. ಅವನ ಕಣ್ಣಲ್ಲೂ ನೀರಿತ್ತು. ಕೆಲಸ ಹೋದದ್ದಕ್ಕಿಂತ, ಮಾವ ಆ ದನಿ ಕೇಳಿಬಿಟ್ಟರಲ್ಲ ಎಂಬುದು ಅವನನ್ನು ಸುಡುತ್ತಿತ್ತು. ಅಷ್ಟರಲ್ಲಿ ಹೆಂಡತಿ ಬಂದಳು.

"ಏಳಿ ಮೇಲೆ. ಆ ನರಳಾಟ ಬಿಟ್ಟು ನಿಮ್ಮ ದನಿಯಲ್ಲೇ ಹೇಳಿ."

"ಮಾವ ಇದ್ದಾರೆ ಕಣೆ! ಬಸ್ಸು ಕೂಗೋ ದನಿ ಅಂತ ಗೊತ್ತಾಗಿಹೋಯ್ತಲ್ಲ!"

"ಊರೇ ಓಡ್ತು, ಅಪ್ಪ ಅಲ್ಲಾಡ್ಲಿಲ್ಲ. ಅವರಿಗೆ ಕಿವಿ ಮಂದ ಆಗಿರ್ಬೇಕು. ಪಾಪ, ನಮಗೆ ಹೇಳೇ ಇಲ್ಲ."

ಮಾವನಿಗೆ ಕಿವುಡು! ಹೆಣ್ಣು ಕೊಟ್ಟ ಮಾವನ ಕಿವಿ ಕೆಟ್ಟಿತೆಂಬ ಸುದ್ದಿಗೆ ಯಾವ ಅಳಿಯನೂ ಅಷ್ಟು ಸಂತೋಷಪಟ್ಟಿರಲಾರ. ಗಮನಿಸಪ್ಪ ಮುಖ ಒರೆಸಿಕೊಂಡು ಎದ್ದ. ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. ದೀಪ ಆರಿತು.

ಈ ಸಲ ಪರದೆಯ ಮೇಲೆ ತಿಮಿಂಗಿಲ ಇರಲಿಲ್ಲ. ಸಮುದ್ರದ ನಡುವೆ, ದಡವೇ ಕಾಣದಷ್ಟು ದೂರದಲ್ಲಿ, ಸಾಮಾನುಗಳು ತೇಲುತ್ತಿದ್ದವು. ಬಾಟಲಿ, ಡಬ್ಬಿ, ಚೀಲ, ಹಲ್ಲುಜ್ಜುವ ಬ್ರಷ್ಷು, ಕೈ ಮುರಿದ ಗೊಂಬೆ. ಮೈಕು ಕುಂಯ್ಯ್ ಎಂದಿತು. ಗಮನಿಸಪ್ಪನಿಗೆ ಸಮುದ್ರದ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಬಿಟ್ಟುಹೋದ ಸಾಮಾನು ಕಂಡರೆ ಏನು ಹೇಳಬೇಕೆಂಬುದೊಂದು ಗೊತ್ತಿತ್ತು.

"ದಯವಿಟ್ಟು ಗಮನಿಸಿ. ಸಮುದ್ರದಲ್ಲಿ ವಾರಸುದಾರರಿಲ್ಲದ ಕೆಲವು ಸಾಮಾನುಗಳು ಪತ್ತೆಯಾಗಿವೆ. ನೀಲಿ ಬಣ್ಣದ ಒಂಟಿ ಚಪ್ಪಲಿ, ಎಡಗಾಲಿನದು. ಗುಲಾಬಿ ಬಣ್ಣದ ಬಕೆಟ್ಟು, ಹಿಡಿ ಇಲ್ಲ. ನೀರಿನ ಬಾಟಲಿಗಳು, ಎಣಿಸಲು ಆಗುತ್ತಿಲ್ಲ. ಚಿಪ್ಸಿನ ಪೊಟ್ಟಣಗಳು, ಒಳಗೆ ಚಿಪ್ಸಿಲ್ಲ. ಸಂಬಂಧಪಟ್ಟವರು ಕೂಡಲೇ ಬಂದು ತೆಗೆದುಕೊಂಡು ಹೋಗಬೇಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರದೆಯ ಮೇಲೆ ಒಂದು ಆಮೆ ಬಂತು. ಅದರ ಕುತ್ತಿಗೆಗೆ ಹಳೆಯ ಬಲೆಯೊಂದು ಸುತ್ತಿಕೊಂಡಿತ್ತು. ಅದು ಒಂದು ಕಾಲನ್ನು ಮಾತ್ರ ಆಡಿಸುತ್ತಿತ್ತು. ಜಾತ್ರೆಯಂಥ ಜನದಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮೈಕಿನಲ್ಲಿ ಹೇಳುವಾಗ ಬರುವ ದನಿ ಈಗ ಗಮನಿಸಪ್ಪನಿಗೆ ತಾನಾಗಿ ಬಂತು.

"ಬಲೆಯ ವಾರಸುದಾರರು ಎಲ್ಲಿದ್ದರೂ ಕೂಡಲೇ ಬರಬೇಕು. ಆಮೆ ಕಾಯುತ್ತಿದೆ. ಮತ್ತೊಮ್ಮೆ ಗಮನಿಸಿ, ಆಮೆ ಕಾಯುತ್ತಿದೆ."

ಆ ದನಿ ಕರೆದರೆ ಎದ್ದು ಹೋಗಿ ಅಭ್ಯಾಸವಾದ ಜನ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕುರ್ಚಿಯಲ್ಲೇ ಮಿಸುಕಾಡಿದರು. ಒಬ್ಬರು ಮೆಲ್ಲಗೆ ತಮ್ಮ ಕುರ್ಚಿಯ ಕೆಳಗೆ ನೋಡಿಕೊಂಡರು. ಚಿತ್ರ ಮುಗಿದು ಪರದೆ ಬಿಳುಪಾಯಿತು. ಆದರೆ ಗಮನಿಸಪ್ಪನ ನಾಲಿಗೆಗೆ ಒಂದು ರೂಢಿಯಿತ್ತು. ವಾರಸುದಾರರಿಲ್ಲದ ಸಾಮಾನುಗಳ ಸಾಲು ದಿನವೂ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿಗೆ ಹೋಗಿಯೇ ಅದು ನಿಂತಿತು.

"ಮತ್ತು ಬಾತುಕೋಳಿಯ ತಲೆಯ ಹಿಡಿಯುಳ್ಳ ಕಪ್ಪು ಕೊಡೆ ಒಂದು."

ಮಕ್ಕಳು ಗೊಳ್ಳೆಂದು ನಕ್ಕರು. ದೀಪ ಹತ್ತಿತು. ಮೊದಲ ಸಾಲಿನಲ್ಲಿ ಮಾವನವರು ಎದ್ದು ನಿಂತಿದ್ದರು. ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗರ ಹಾಗೆ ಒಂದು ಕೈ ಮೇಲೆತ್ತಿದ್ದರು.

"ಅದು ನಂದು," ಎಂದರು.

"ಯಾವುದು ಮಾವ? ಆಮೆಯಾ?" ಗಮನಿಸಪ್ಪನಿಗೆ ತಲೆ ಗಿರ್ರೆಂದಿತು.

"ಕೊಡೆ. ಒಂದ್ಸಲ ರೈಲು ತಪ್ಪಿ ಬಸ್ಸಲ್ಲಿ ಬಂದಿದ್ದೆ ಅಳಿಯಂದ್ರೆ. ಬೆಂಚಿನ ಮೇಲೆ ಕೂತಿದ್ದಾಗ ಮೇಲಿಂದ ನಿಮ್ಮ ದನಿ ಕೇಳಿಸ್ತು, ತಲೆ ಎತ್ತಿದ್ರೆ ಗಾಜಿನ ಹಿಂದೆ ನೀವು. ನಾನು ನೋಡಿದ್ದು ನಿಮಗೆ ಗೊತ್ತಾಗ್ಬಾರದು ಅಂತ ಗಾಬರೀಲಿ ಎದ್ದು ಹೋದೆ, ಕೊಡೆ ಅಲ್ಲೇ ಉಳೀತು."

"ಮತ್ತೆ... ಮತ್ತೆ ಬಂದು ಕೇಳ್ಬಾರ್ದಿತ್ತಾ?"

"ಹೇಗೆ ಕೇಳ್ಲಿ? ಕೌಂಟರಲ್ಲಿ ಕೂರೋರು ನೀವೇ. ನಿಮ್ಮ ಮರ್ಯಾದೆ ದೊಡ್ಡದೋ ನನ್ನ ಕೊಡೆ ದೊಡ್ಡದೋ? ಅವತ್ತಿಂದ ಪ್ರತಿ ಮಳೆಗಾಲನೂ ನೆನೀತಿದ್ದೀನಿ."

"ಅಪ್ಪಾ!" ಎಂದಳು ಮಗಳು. "ಪ್ರತಿ ಮಳೆಗಾಲ ಶೀತ ಶೀತ ಅಂತಿದ್ದದ್ದು ಇದಕ್ಕಾ? ಬಂದಾಗಲೆಲ್ಲ ಕಷಾಯ ಕಾಸಿ ಕಾಸಿ ನನಗೆ ಸಾಕಾಗಿತ್ತು!"

ಮಾವನವರು ಪರದೆಯ ಕಡೆ ತಿರುಗಿದರು. "ಬೋರ್ಡಿನ ಮೇಲೆ ನಾನು ಬರೀತಿದ್ದ ಸಮುದ್ರ ಸ್ವಚ್ಛವಾಗಿತ್ತು ಅಳಿಯಂದ್ರೆ. ನೀಲಿ ಬಿಟ್ರೆ ಬೇರೇನೂ ಇರ್ಲಿಲ್ಲ." ಬಗ್ಗಿ ತಮ್ಮ ಕುರ್ಚಿಯ ಕೆಳಗಿನ ಬಾಟಲಿ ಎತ್ತಿಕೊಂಡರು. "ಕರೆದ ಮೇಲೆ ಒಪ್ಕೋಬೇಕು. ಇದೂ ನಂದೇ."

ಮೊದಲು ಕ್ಯಾಂಟೀನಿನವನು ಎದ್ದ, ಕೈಯಲ್ಲಿ ಎರಡು ಬಾಟಲಿ. "ಒಂದು ನಂದು, ಇನ್ನೊಂದು ನಮ್ಮೋಳದು." ಆಮೇಲೆ ಸಾಲು ಸಾಲಾಗಿ ಜನ ಬಗ್ಗಿದರು. ಚಿಪ್ಸಿನ ಪೊಟ್ಟಣ ಯಾರದೆಂದು ಗಂಡಹೆಂಡಿರ ನಡುವೆ ಸಣ್ಣ ಜಗಳಗಳೂ ಆದವು. ಮೇಡಂ ಚೀಲ ಹಿಡಿದು ಓಡಾಡುತ್ತಾ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ಮ್ಯಾನೇಜರು ಹೂಗುಚ್ಛಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಿ, ಮಡಿಚಿ, ಗಮನಿಸಪ್ಪನ ಹತ್ತಿರ ಬಂದರು.

"ರೀ, ಬಸ್ಸೇ ಇಲ್ಲದ ಕಡೆ ನನ್ನನ್ನ ಓಡಿಸಿದ್ರಿ. ಈಗ ಈ ಜನರ ಕೈಲಿ ಕಸ ಎತ್ತಿಸಿದ್ರಿ. ನಾನು ವರ್ಷಗಟ್ಟಲೆ ಬೋರ್ಡು ಹಾಕಿದ್ದೀನಿ, ಒಂದು ಬಾಳೆಹಣ್ಣಿನ ಸಿಪ್ಪೆ ಎತ್ಸೋಕಾಗಿಲ್ಲ. ಯಂತ್ರ ಬೇಡ ಅಂತ ಮೇಲಿನವರಿಗೆ ಹೇಳ್ತೀನಿ. ಟೈರುಗಳು ತಮ್ಮನ್ನ ತಾವೇ ನೋಡ್ಕೊಳ್ಲಿ."

ಮಾರನೆಯ ಬೆಳಿಗ್ಗೆ ಮಾವನವರು ಊರಿಗೆ ಹೊರಟರು. ಬಸ್ಸಿನಲ್ಲಿ. ಮಹಡಿ ಹತ್ತಿ, ಕೌಂಟರಿನ ಮುಂದೆ ನಿಂತು ಕೊಡೆ ಕೇಳಿದರು. ಗಮನಿಸಪ್ಪ ನಿಯಮ ಬಿಡುವವನಲ್ಲ.

"ಗುರುತು ಹೇಳಬೇಕು ಮಾವ. ಹಿಡಿ ಯಾವ ಆಕಾರ?"

"ಬಾತುಕೋಳಿ. ನೀವೇ ದಿನಾ ಹೇಳ್ತೀರಲ್ಲ."

"ಅದು ಊರಿಗೆಲ್ಲ ಗೊತ್ತು. ಬೇರೇನಾದ್ರೂ?"

"ಒಳಗೆ ಒಂದು ಕಡ್ಡಿ ಮುರಿದಿದೆ. ನಿಮ್ಮ ಮದುವೆ ದಿನ ಮಳೆ ಗಾಳಿಗೆ ಮುರಿದದ್ದು. ನಿಮ್ಮ ತಲೆ ಮೇಲೆ ಹಿಡಿದಿದ್ದೆ, ಹಿಡಿ ನನ್ನ ಮುಷ್ಟಿಯೊಳಗಿತ್ತು."

ಗಮನಿಸಪ್ಪ ಕೊಡೆ ಬಿಚ್ಚಿ ನೋಡಿದ. ಕಡ್ಡಿ ಮುರಿದಿತ್ತು. ಏನೋ ಹೇಳಬೇಕೆಂದುಕೊಂಡ, ಆಗಲೂ ಅವನಿಗೆ ಬಾಯಿ ಬರಲಿಲ್ಲ. ಎರಡೂ ಕೈಯಲ್ಲಿ ಕೊಡೆ ಕೊಟ್ಟ. ಮಾವನವರು ಕೆಳಗಿಳಿದು ಬೆಂಚಿನ ಮೇಲೆ ಕೂತು, ಮುಖ ಮೇಲೆತ್ತಿ, ಗಾಜಿನ ಕೋಣೆಯನ್ನು ಬಹಿರಂಗವಾಗಿ, ಕಣ್ತುಂಬಾ ನೋಡಿದರು. ಮೈಕು ಕುಂಯ್ಯ್ ಎಂದಿತು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ನಲವತ್ತೆರಡು ನಂಬರಿನ ಬಸ್ಸು ಹೊರಡಲು ಸಿದ್ಧವಾಗಿದೆ."

ನಿಲ್ದಾಣ ಎದ್ದು ಓಡಿತು. ಎಲ್ಲರ ಮುಂದೆ, ಗಟ್ಟಿ ಸೊಂಟದ ಮಾವನವರು ಓಡುತ್ತಿದ್ದರು. ಗಮನಿಸಪ್ಪ ಮೇಲಿನಿಂದ ಹೆಮ್ಮೆಯಿಂದ ನೋಡಿದ. ಅವರು ಬಸ್ಸು ಹತ್ತಿದರು, ಕಿಟಕಿಯ ಪಕ್ಕ ಕೂತರು. ಬೆಂಚು ಖಾಲಿಯಾಯಿತು. ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ. ಅದರ ಮೇಲೆ ಬಾತುಕೋಳಿಯೊಂದು ತಲೆಯೆತ್ತಿ ಒರಗಿಕೊಂಡಿತ್ತು.

ಡ್ರೈವರು ಗೇರು ಹಾಕಿದ. ಗಮನಿಸಪ್ಪ ಮೈಕಿನ ಮೇಲೆ ಎರಗಿದ. ದಯವಿಟ್ಟು ಇಲ್ಲ, ಗಮನಿಸಿ ಇಲ್ಲ, ವಾರಸುದಾರರೂ ಇಲ್ಲ. ನಿಲ್ದಾಣದ ಅಷ್ಟೂ ಧ್ವನಿವರ್ಧಕಗಳಿಂದ ಒಂದೇ ಕೂಗು ಹೊರಟಿತು.

"ಮಾವಾ! ಕೊಡೆ!"